ಹತ್ತರಲ್ಲಿ ಏಳನೆಯವಳು

ಹೊಲಿಗೆ ಕಲಿಸುತ್ತಿದ್ದ ಅಕ್ಕೋರಿಗೆ ಟಿ.ವಿ. ಹುಚ್ಚು ಇದೆ ಎಂಬುದನ್ನು ಮೊದಲು ಪತ್ತೆ ಹಚ್ಚಿದವಳು ನನ್ನ ಗೆಳತಿ. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕೋರು ಅನ್ನುವುದು ವಾಡಿಕೆ. ನಾವಿಬ್ಬರೂ ಆಗ ಇಳಕಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದೆವು. ಎಂಬತ್ತರ ದಶಕದ ನಡುವಿನ ವರ್ಷಗಳವು. ಊರಿನಲ್ಲಿ ಟಿ.ವಿ. ಇದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಅವುಗಳಲ್ಲಿ ನನ್ನ ಗೆಳತಿಯ ಮನೆಯೂ ಒಂದು. ಅವಳ ಅಜ್ಜನಿಗೆ ಕೆಂಪು ಕಲ್ಲಿನ ಕ್ವಾರಿ ಇತ್ತು. ನಾಲ್ಕು ಕಾಲಿನ, ಎಳೆದು ಮುಚ್ಚುವ ಕಟ್ಟಿಗೆಯ ಬಾಗಿಲಿನ ಕಪ್ಪು-ಬಿಳುಪು ಟಿ.ವಿ.ಯನ್ನು ಅಜ್ಜ ಪಡಸಾಲೆಯಲ್ಲಿ ದೇವರ ಜಗಲಿಗಿಂತ ಸ್ವಲ್ಪವೇ ಕೆಳಗೆ ಇಡಿಸಿದ್ದರು.

ಅಕ್ಕೋರು ಆ ಮನೆಯ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದರು. ಅಳತೆಗೆ ಬರುವುದು, ಹೊಲಿದದ್ದನ್ನು ಕೊಡಲು ಬರುವುದು, ತೋಳು ಬಿಗಿಯಾಯಿತೆಂದರೆ ಬಿಚ್ಚಿ ಹೊಲಿಯಲು ಬರುವುದು, ಎಲ್ಲವೂ ವಾರದ ಒಂದೇ ಸಂಜೆ ನಡೆಯುತ್ತಿತ್ತು. ಅದೇ ಸಂಜೆ ದಿಲ್ಲಿಯಿಂದ ಪಾಪ್ ಹಾಡುಗಳ ಕಾರ್ಯಕ್ರಮ ಬರುತ್ತಿತ್ತು.

"ಖರೆ ಹೇಳ್ತೇನಿ, ಅಕ್ಕೋರು ಕುಪ್ಪಸಕ್ಕ ಬರೂದಿಲ್ಲ. ಹಾಡಿಗೆ ಬರ್ತಾರ," ಎಂದು ಗೆಳತಿ ನನ್ನ ಕಿವಿಯಲ್ಲಿ ಹೇಳಿದಳು.

ನನಗೆ ನಂಬಿಕೆ ಬರಲಿಲ್ಲ. ಅಕ್ಕೋರು ಎತ್ತರದ, ಒಣಗಿದ ಮೈಯ, ದಪ್ಪ ಕನ್ನಡಕದ ಹೆಂಗಸು. ಮದುವೆಯಾಗಿರಲಿಲ್ಲ. ಮುದಿ ತಾಯಿಯ ಜೊತೆ ಬಾಡಿಗೆಯ ಎರಡು ಕೋಣೆಗಳಲ್ಲಿ ಇದ್ದರು. ಕೊರಳಲ್ಲಿ ಅಳತೆಯ ಟೇಪು, ಸೆರಗಿನಲ್ಲಿ ಯಾವಾಗಲೂ ಒಂದೆರಡು ದಾರದ ತುಂಡು. ಕಸೂತಿಯಲ್ಲಿ ಒಂದು ಎಳೆ ತಪ್ಪಿದರೂ ಇಡೀ ಸಾಲು ಬಿಚ್ಚಿಸುವವರು. ಅಂಥವರು, ಮಿಂಚುವ ಅಂಗಿ ತೊಟ್ಟು ಮೈಕು ಹಿಡಿದು ಕುಣಿಯುವವರನ್ನು ನೋಡಲು ಬರುವುದೆಂದರೆ!

ಮುಂದಿನ ವಾರ ನಾನೂ ಹೋಗಿ ಕುಳಿತೆ. ಅಕ್ಕೋರು ಹೊಸ್ತಿಲ ಹತ್ತಿರ ಕುಪ್ಪಸದ ಅಂಚು ಹೊಲಿಯುತ್ತ ಕುಳಿತಿದ್ದರು. ಹಾಡು ಶುರುವಾಯಿತು. ಸೂಜಿ ಬಟ್ಟೆಯಲ್ಲೇ ನಿಂತಿತು. ಪರದೆಯಲ್ಲಿ ಹಾಡುವವಳ ಹಿಂದಿನ ದೀಪಗಳಿಂದ ಚೂಪಾದ ನಕ್ಷತ್ರಗಳು ಚಿಮ್ಮಿದವು. ಅವಳ ಮುಖ ನಾಲ್ಕಾಯಿತು, ನಾಲ್ಕೂ ಗಿರಗಿರನೆ ತಿರುಗಿ ಮತ್ತೆ ಒಂದಾದವು. ಆಮೇಲೆ ಬೆಳ್ಳಗಿದ್ದದ್ದು ಕಪ್ಪಾಗಿ ಕಪ್ಪಗಿದ್ದದ್ದು ಬೆಳ್ಳಗಾಯಿತು. ನಾವು ಹುಡುಗಿಯರು ಅವಳ ಕಿವಿಯ ರಿಂಗುಗಳನ್ನು ನೋಡುತ್ತಿದ್ದೆವು.

"ಹಾಡಾಕಿನ್ನ ಬಿಡ್ರೇ. ಆಕಿ ಸುತ್ತ ಏನಾಗಾಕತ್ತೈತಿ ಅದನ್ನ ನೋಡ್ರಿ," ಎಂದರು ಅಕ್ಕೋರು. ಶಾಲೆಯಲ್ಲಿ ಎಂದೂ ಕೇಳಿರದಷ್ಟು ಮೆತ್ತಗಿನ ದನಿ.

ಅಷ್ಟರಲ್ಲಿ ಹಾಡುವವಳು ಕೈ ಎತ್ತಿದಳು. ಆ ಕೈಯ ಹಿಂದೆ ಇನ್ನೊಂದು ಕೈ ಎದ್ದಿತು, ಅದರ ಹಿಂದೆ ಇನ್ನೊಂದು. ಎತ್ತಿದ ಕೈ ಇಳಿಸಿದರೂ ಹಿಂದಿನ ಕೈಗಳು ಒಂದೊಂದಾಗಿ ಏಳುತ್ತಲೇ ಇದ್ದವು, ಹಿಂದೆ ಹೋದಂತೆ ಮಸುಕಾಗಿ ಕತ್ತಲಲ್ಲಿ ಕರಗುತ್ತಿದ್ದವು. ಅವಳು ಪಕ್ಕಕ್ಕೆ ಸರಿದಾಗ ಅವಳ ಹಿಂದೆ ಅವಳದೇ ಒಂದು ಸಾಲು ಸರಿಯಿತು.

"ಏ! ಮ್ಯಾಲೆ ಹೋಗ್ರಿ ಯಾರರೆ! ಆಂಟೆನಾ ತಿರುಗೈತಿ!" ಎಂದು ಅಜ್ಜ ಕೂಗಿದರು.

ಗೆಳತಿಯ ಕಾಕಾ ಏಣಿ ಹತ್ತಿ ಓಡಿದರು. ಮೇಲಿನಿಂದ ಕಂಬ ತಿರುಗಿಸುವ ಸದ್ದು ಕೇಳಿತು. ಪರದೆಯಲ್ಲಿ ಅರಳು ಹುರಿದಂತೆ ಬಿಳಿ ಚುಕ್ಕೆಗಳು ತುಂಬಿದವು, ಹಾಡು ಗೊರಗೊರ ಎಂದಿತು. ಅಕ್ಕೋರು ಮಡಿಲಿನ ಕುಪ್ಪಸ ಕೆಳಗೆ ಬಿದ್ದದ್ದನ್ನೂ ನೋಡದೆ ಎದ್ದು ನಿಂತರು.

"ಅಜ್ಜಾರ, ಅದು ಕೆಟ್ಟಿದ್ದಲ್ರಿ! ಅವರು ಬೇಕಂತ ಹಂಗ ಮಾಡ್ಯಾರ್ರಿ!"

"ಬೇಕಂತ ಯಾರ್ ಕೆಡಸ್ತಾರವಾ?" ಎಂದರು ಅಜ್ಜ.

ಕಾಕಾ ಆಂಟೆನಾ ಸರಿಮಾಡುವ ಹೊತ್ತಿಗೆ ಕಾರ್ಯಕ್ರಮ ಮುಗಿದು ಬೆಳೆಗಳ ರೋಗದ ಬಗ್ಗೆ ಒಬ್ಬರು ಮಾತಾಡುತ್ತಿದ್ದರು. ಅಕ್ಕೋರು ಅದನ್ನೂ ಸ್ವಲ್ಪ ಹೊತ್ತು ನೋಡಿ, ಕುಪ್ಪಸ ಮಡಚಿಕೊಂಡು ಹೊರಟರು.

ಆ ಒಂದು ಪವಾಡ ಅವರ ತಲೆಯಿಂದ ಇಳಿಯಲಿಲ್ಲ. ಹೊಲಿಗೆ ತಾಸಿನಲ್ಲಿ ಕಾರ್ಬನ್ ಕಾಗದದ ಮೇಲೆ ಒಂದೇ ಚಿತ್ರವನ್ನು ಸ್ವಲ್ಪ ಸ್ವಲ್ಪ ಜರುಗಿಸಿ ಗೀಚುತ್ತಿದ್ದರು. ಎರಡು ಕನ್ನಡಿಗಳನ್ನು ಎದುರುಬದುರು ಹಿಡಿದು ನಡುವೆ ಸೂಜಿ ಇಡುತ್ತಿದ್ದರು. "ಕನ್ನಡ್ಯಾಗ ಎಲ್ಲಾ ಸೂಜಿ ಒಮ್ಮೆಲೇ ಅಲುಗ್ತಾವು. ಅದರಾಗ ಹಂಗಿಲ್ಲ. ಅದರಾಗ ತಡಾ ಐತಿ," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಕೊನೆಗೆ ದಿಲ್ಲಿಯ ಟಿ.ವಿ. ಕೇಂದ್ರಕ್ಕೇ ಒಂದು ಪತ್ರ ಬರೆದರು. ಸಣ್ಣವರಿದ್ದಾಗ ಹಟ ಹಿಡಿದು ಹಿಂದಿ ಪರೀಕ್ಷೆಗಳನ್ನು ಪಾಸು ಮಾಡಿದ್ದರಂತೆ, ಅದು ಈಗ ಕೆಲಸಕ್ಕೆ ಬಂತು.

ಉತ್ತರ ಬಂದೇ ಬರುತ್ತದೆ ಎಂದು ಅವರ ಹೊರತು ಯಾರೂ ನಂಬಿರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಬಂತು. ಒಂದೂವರೆ ಪುಟದ ಹಿಂದಿ ಪತ್ರ, ಕೆಳಗೆ ಪೆನ್ಸಿಲ್ಲಿನ ಒಂದು ಚಿತ್ರ. ಸಹಿ ಯಾರದೆಂದು ಓದಲು ಬರುವಂತಿರಲಿಲ್ಲ. ದಿಲ್ಲಿಯಲ್ಲಿ ಕುಳಿತ ಒಬ್ಬ ತಂತ್ರಜ್ಞ, ಇಳಕಲ್ಲಿನ ಹೊಲಿಗೆ ಶಿಕ್ಷಕಿಗೆಂದು ಬಿಡುವು ಮಾಡಿಕೊಂಡು ಚಿತ್ರ ಬರೆದು ವಿವರಿಸಿದ್ದ. ಆ ಮನುಷ್ಯನನ್ನು ನೆನೆದರೆ ನನಗೆ ಈಗಲೂ ಗೌರವ ಬರುತ್ತದೆ.

ಅಕ್ಕೋರು ಪತ್ರವನ್ನು ತರಗತಿಯಲ್ಲಿ ಕನ್ನಡ ಮಾಡಿ ಓದಿದರು. ಕ್ಯಾಮೆರಾ ಕಂಡದ್ದು ಒಂದು ಟಿ.ವಿ.ಯಲ್ಲಿ ಮೂಡುತ್ತದೆ. ಅದೇ ಕ್ಯಾಮೆರಾವನ್ನು ಅದೇ ಟಿ.ವಿ.ಯ ಕಡೆಗೆ ತಿರುಗಿಸಿದರೆ ಚಿತ್ರ ತನ್ನನ್ನು ತಾನೇ ನೋಡತೊಡಗುತ್ತದೆ. ಪ್ರತಿ ಸುತ್ತಿನಲ್ಲೂ ಒಂಚೂರು ತಡವಾಗುತ್ತದೆ, ಒಂಚೂರು ಮಸುಕಾಗುತ್ತದೆ. ಹಾಡುವವಳು ಒಬ್ಬಳೇ. ಎರಡನೆಯ ಬಿಂಬ ನೋಡುವುದು ಅವಳನ್ನು. ಮೂರನೆಯದು ನೋಡುವುದು ಎರಡನೆಯದನ್ನು ಮಾತ್ರ.

"ತಿಳೀತೇನ್ರೇ?" ಎಂದು ಅಕ್ಕೋರು ಕೇಳಿದರು.

ನಮಗೆ ತಿಳಿದಿರಲಿಲ್ಲ. ಆದರೂ "ಹೂಂರಿ" ಎಂದೆವು. ಅವರು ಪತ್ರವನ್ನು ಮಡಚಿ ಗುಂಡಿಗಳ ಡಬ್ಬಿಯಲ್ಲಿಟ್ಟು, "ಗ್ಯಾದರಿಂಗಿಗೆ ನಾವು ಇದನ್ನ ಮಾಡೂಣು," ಎಂದರು.

ಗ್ಯಾದರಿಂಗ್ ಎಂದರೆ ಶಾಲೆಯ ವಾರ್ಷಿಕ ಸಮಾರಂಭ. ಪ್ರತಿವರ್ಷ ಕೋಲಾಟ, ಒಂದು ನಾಟಕ, ಸ್ವಾಗತಗೀತೆ. ಕ್ಯಾಮೆರಾ ಇಲ್ಲ, ಟಿ.ವಿ. ಇಲ್ಲ, ಇದನ್ನು ಹೇಗೆ ಮಾಡುವುದು? ಅಕ್ಕೋರ ಲೆಕ್ಕ ಸರಳವಾಗಿತ್ತು. ಹತ್ತು ಹುಡುಗಿಯರು. ಗಿಡ್ಡನವಳು ಎಲ್ಲರ ಮುಂದೆ, ಎತ್ತರದವಳು ಕೊನೆಗೆ. ಸಾಲು ನೆಟ್ಟಗೆ ಅಲ್ಲ, ಒಬ್ಬೊಬ್ಬಳೂ ಒಂದು ಗೇಣು ಓರೆ. ಮೊದಲನೆಯವಳು ಕೈ ಎತ್ತಿದ ಒಂದು ಎಣಿಕೆಗೆ ಎರಡನೆಯವಳು, ಇನ್ನೊಂದು ಎಣಿಕೆಗೆ ಮೂರನೆಯವಳು.

ಮೊದಲನೆಯವಳು ನನ್ನ ಗೆಳತಿ. ನಾನು ಏಳನೆಯವಳು.

ನನಗೆ ಇದು ಭಾರೀ ಅವಮಾನವಾಗಿ ಕಂಡಿತು. ಗೆಳತಿಗಿಂತ ನಾನು ಚೆನ್ನಾಗಿ ಕುಣಿಯುತ್ತಿದ್ದೆ, ಅದು ಅವಳಿಗೂ ಗೊತ್ತಿತ್ತು. ಎಲ್ಲರೂ ಹೋದ ಮೇಲೆ ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತೆ.

"ಅಕ್ಕೋರ, ನನ್ನ ಯಾಕ ಏಳನೇದಾಕಿ ಮಾಡೀರಿ?"

"ನೀ ಉದ್ದ ಅದೀ ಅದಕ್ಕ."

"ಆರನೇದಾಕಿ ನನಗಿಂತ ಉದ್ದ ಅದಾಳ್ರಿ."

ಅಕ್ಕೋರು ಹೊಲಿಗೆ ಯಂತ್ರದ ಗಾಲಿ ನಿಲ್ಲಿಸಿ ನನ್ನನ್ನು ನೋಡಿದರು. "ಏಳನೇದಾಕಿ ತನಕ ಬರೂದ್ರಾಗ ಮಂದಿಗೆ ಗಮನ ತಪ್ಪತೈತಿ. ಅಲ್ಲಿಂದ ಹಿಂದಕ್ಕ ಒಯ್ಯಾಕ ಗಟ್ಟಿ ಹುಡುಗಿ ಬೇಕು. ನೀ ಬಿಟ್ಟರ ಎಂಟು, ಒಂಬತ್ತು, ಹತ್ತು ಮೂರೂ ಸತ್ತಂಗ. ಹೋಗು, ಕತ್ತಲಾತು."

ಸಮಾಧಾನವೇನೂ ಆಗಲಿಲ್ಲ. ಆದರೆ ಮತ್ತೆ ಕೇಳುವ ಧೈರ್ಯವೂ ಬರಲಿಲ್ಲ.

ಅಭ್ಯಾಸ ಶಾಲೆ ಬಿಟ್ಟ ಮೇಲೆ ಮೈದಾನದಲ್ಲಿ. ಅಕ್ಕೋರು ಕತ್ತರಿಯಿಂದ ಬೆಂಚಿನ ಮೇಲೆ ಟಕ್, ಟಕ್ ಎಂದು ಹೊಡೆಯುತ್ತಿದ್ದರು. ಮೊದಲ ವಾರ ನಾವೆಲ್ಲ ಗೆಳತಿಯನ್ನೇ ನೋಡಿ ಎಣಿಸುತ್ತಿದ್ದೆವು. ಐದನೆಯವಳು ನಾಲ್ಕು ಎಣಿಸಬೇಕು, ನಾನು ಆರು, ಲೆಕ್ಕ ತಪ್ಪಿ ಕೈಗಳು ಸಂತೆಯಾಗುತ್ತಿದ್ದವು. ಒಂದು ದಿನ ಅಕ್ಕೋರು ಕತ್ತರಿ ಇಟ್ಟು ತಲೆ ಬಡಿದುಕೊಂಡರು.

"ನಂದೂ ತಪ್ಪು. ಪತ್ರದಾಗ ಬರದಾನ, ನಾನ ಮರತೆ. ಯಾರೂ ಮೊದಲನೇದಾಕಿನ್ನ ನೋಡಬ್ಯಾಡ್ರಿ. ನಿಮ್ಮ ಮುಂದಿನಾಕಿನ್ನಷ್ಟ ನೋಡ್ರಿ. ಆಕಿ ಏನು ಮಾಡ್ತಾಳ ಅದನ್ನ ಮಾಡ್ರಿ. ಸರಿನೋ ತಪ್ಪೋ ಅಂತ ವಿಚಾರ ಮಾಡೂದು ನಿಮ್ಮ ಕೆಲಸ ಅಲ್ಲ."

ಅಂದಿನಿಂದ ನನ್ನ ಜಗತ್ತು ಆರನೆಯವಳ ಬೆನ್ನು, ಎರಡು ಜಡೆ, ಎರಡು ತೋಳು. ಮೂರೇ ದಿನಗಳಲ್ಲಿ ಸಾಲು ಹರಿಯತೊಡಗಿತು.

ಬಟ್ಟೆಯ ವಿಷಯಕ್ಕೆ ಅಕ್ಕೋರು ನಮ್ಮ ಮನೆಗೆ ಬಂದರು. ನಮ್ಮಪ್ಪ ನೇಕಾರರಿಗೆ ನೂಲಿಗೆ ಬಣ್ಣ ಹಾಕಿಕೊಡುವವರು. ಇಳಕಲ್ ಸೀರೆಯ ಕಡುಗೆಂಪು, ದಾಳಿಂಬೆ ಬಣ್ಣ, ನೀಲಿ, ಇವೆಲ್ಲ ಅವರ ಕಡಾಯಿಗಳಲ್ಲಿ ಕುದಿಯುತ್ತಿದ್ದವು. ಹೊಲಿಗೆ ಕೋಣೆಯಲ್ಲಿ ಉಳಿದಿದ್ದ ಒರಟು ಬಿಳಿ ಮಾದರಪಾಟಿನ ಬಟ್ಟೆಯಲ್ಲಿ ಅಕ್ಕೋರು ಹತ್ತು ಜೊತೆ ಪರಕಾರ-ಪೋಲಕ, ಅಂದರೆ ಲಂಗ-ರವಿಕೆ, ಕತ್ತರಿಸಿದ್ದರು.

"ಮೊದಲನೇದು ಹಿಂಗ ಬೆಳ್ಳಗ ಇರಲಿ. ಎರಡನೇದು ಎಳ್ಳಷ್ಟು ಮಬ್ಬು. ಮೂರನೇದು ಇನ್ನೂ ಒಂಚೂರು. ಹತ್ತನೇದು ಪೂರ್ತಿ ಕರೇದು. ನಡುವ ಎಲ್ಲೂ ಜಿಗದಂಗ ಕಾಣಬಾರದು," ಎಂದರು.

ಅಪ್ಪ ಬಹಳ ಹೊತ್ತು ಬಟ್ಟೆಯನ್ನು ಬೆರಳಲ್ಲಿ ತಿಕ್ಕಿದರು. "ಅಕ್ಕೋರ, ಮೂವತ್ತು ವರ್ಷಾತು ಬಣ್ಣ ಹಾಕಾಕತ್ತು. ಎಲ್ಲಾರೂ ಬಣ್ಣ ಏರಸು ಅಂತಾರ. ಹಿಂಗ ಮೆಟ್ಟಲಾ ಕಟ್ಟು ಅಂದಾರ ನೀವ ಮೊದಲು ನೋಡ್ರಿ."

ಅಪ್ಪ ಎರಡು ಭಾನುವಾರ ಅದಕ್ಕೇ ಕೊಟ್ಟರು. ಹಸಿ ಇದ್ದಾಗ ಕಪ್ಪಾಗಿ ಕಂಡದ್ದು ಒಣಗಿದ ಮೇಲೆ ಬೂದಿಯಾಗುತ್ತಿತ್ತು. ನಾಲ್ಕನೆಯದು ಹಸಿರಿಗೆ ತಿರುಗಿತು, ಮತ್ತೆ ಅದ್ದಿದರು. ಕೊನೆಗೆ ಹಿತ್ತಲಿನ ಹಗ್ಗದ ಮೇಲೆ ಹತ್ತೂ ಸಾಲಾಗಿ ತೂಗಿದಾಗ, ಬೆಳಗು ಸಂಜೆಯಾಗುವುದನ್ನು ಯಾರೋ ಕತ್ತರಿಸಿ ಹಾಕಿದಂತಿತ್ತು. ನೂಲು ಒಯ್ಯಲು ಬಂದವರೆಲ್ಲ ನಿಂತು ನೋಡಿದರು. ನಮ್ಮವ್ವನಿಗೆ ಮಾತ್ರ ಸರಿಬರಲಿಲ್ಲ. "ಬಣ್ಣದ ಮನಿ ಹುಡುಗಿ ಗ್ಯಾದರಿಂಗಿನ್ಯಾಗ ಬೂದಿ ಬಣ್ಣದ್ದು ಉಡೂದನ?" ಎಂದು ಗೊಣಗಿದಳು. ನನ್ನ ಮನಸ್ಸಿನಲ್ಲಿದ್ದದ್ದೂ ಅದೇ.

ಗ್ಯಾದರಿಂಗಿಗೆ ವಾರವಿದ್ದಾಗ ಗೆಳತಿ ಅಳುತ್ತ ಶಾಲೆಗೆ ಬಂದಳು. ತಮ್ಮ ಮನೆಯ ಹುಡುಗಿ ಸ್ಟೇಜಿನ ಮೇಲೆ ಕುಣಿಯುವುದು ಬೇಡವೆಂದು ಅಜ್ಜ ಹೇಳಿದ್ದರು. ನಾಚಿಕೆಯ ಮಾತೆಂದರೆ, ಅದನ್ನು ಕೇಳಿ ನನ್ನ ಎದೆ ಒಂದು ಸಲ ಕುಣಿಯಿತು. ಆ ಬಿಳಿ ಪರಕಾರ ನನಗೆ ಉದ್ದ ಸಾಲುತ್ತದೆಯೋ ಇಲ್ಲವೋ ಎಂದು ಆಗಲೇ ಲೆಕ್ಕ ಹಾಕಿದ್ದೆ.

ಅಕ್ಕೋರು ಅಂದು ಕುಪ್ಪಸದ ನೆಪವಿಲ್ಲದೆ ಆ ಮನೆಗೆ ಹೋದರು. ನಾವೂ ಹಿಂದೆ ಹೋದೆವು.

"ಅಜ್ಜಾರ, ಕುಣಿಯೂದಲ್ರಿ ಅದು. ಬರೇ ಕೈ ಎತ್ತೂದು, ಕೈ ಇಳಸೂದು. ಆ ಟಿ.ವಿ.ಯಾಗ ಒಬ್ಬಾಕಿ ಹತ್ತು ಮಂದಿ ಆಗಿದ್ಲಲ್ರಿ, ನೀವು ಆಂಟೆನಾ ಕೆಟ್ಟೈತಿ ಅಂದಿರಲ್ಲ, ಅದನ್ನ ಮಾಡಾಕತ್ತೀವಿ."

ಅಜ್ಜ ಕನ್ನಡಕ ಮೇಲೆ ಮಾಡಿದರು. "ಮಷೀನು ಮಾಡೂದನ್ನ ಹುಡುಗ್ಯಾರು ಹೆಂಗ ಮಾಡ್ತಾರ?"

"ನೀವ ಬಂದು ನೋಡ್ರಿ. ಚಂದ ಅನಿಸಲಿಲ್ಲಂದ್ರ ನಡುವ ಎದ್ದು ಮೊಮ್ಮಗಳನ್ನ ಕರಕೊಂಡು ಹೋಗ್ರಿ. ನಾ ಒಂದ ಮಾತು ಅನ್ನೂದಿಲ್ಲ."

"ತೋಳು ಪೂರ್ತಿ ಇರಬೇಕು ನೋಡ್ರಿ," ಎಂದರು ಅಜ್ಜ.

"ಮಣಿಕಟ್ಟಿನ ತನಕ ಅದಾವ್ರಿ," ಎಂದರು ಅಕ್ಕೋರು.

ಗ್ಯಾದರಿಂಗ್ ಸಂಜೆ ಐದಕ್ಕೆ ಶುರುವಾಯಿತು. ಟೇಬಲ್ಲುಗಳನ್ನು ಜೋಡಿಸಿ ಹಗ್ಗದಿಂದ ಬಿಗಿದ ಸ್ಟೇಜು, ಹಿಂದೆ ಕರಿ ಕಂಬಳಿಗಳ ಪರದೆ. ನಮ್ಮ ಸರದಿ ಬರುವಾಗ ಹೊತ್ತು ಮುಳುಗಿತ್ತು. ಟೇಪ್ ರೆಕಾರ್ಡರಿನ ಬಾಯಿಗೆ ಮೈಕು ಹಿಡಿದರು. ಎಲ್ಲ ದೀಪ ಆರಿಸಿ, ಒಂದೇ ಒಂದು ದೊಡ್ಡ ಬಲ್ಬನ್ನು ಡಬ್ಬಿಯ ತಗಡಿನಲ್ಲಿ ಸುತ್ತಿ ಗೆಳತಿಯ ಮೇಲೆ ಬಿಟ್ಟರು. ಬೆಳಕು ಅವಳ ಮೇಲೆ ಪೂರ್ತಿ ಬಿದ್ದು ನಮ್ಮ ಮೇಲೆ ಸೋರಿ, ಹತ್ತನೆಯವಳ ಹತ್ತಿರ ಮುಗಿಯುತ್ತಿತ್ತು.

ಹಾಡು ಶುರುವಾಯಿತು. ಆರನೆಯವಳ ಕೈ ಎದ್ದಿತು, ನನ್ನ ಕೈ ಎದ್ದಿತು. ಜನ ಉಸಿರೆಳೆದುಕೊಂಡ ಸದ್ದು ನನಗೆ ಕೇಳಿಸಿತು, ಅದೊಂದೇ. ಆಮೇಲೆ ಕೇಳಿದ್ದೆಲ್ಲ ಸಂಗೀತ.

ಅರ್ಧ ದಾಟಿದ ಮೇಲೆ, ಗೆಳತಿ ಪಕ್ಕಕ್ಕೆ ಸರಿಯುವಲ್ಲಿ, ಎರಡು ಟೇಬಲ್ಲುಗಳ ಸಂದಿನಲ್ಲಿ ಅವಳ ಹೆಬ್ಬೆರಳು ಸಿಕ್ಕಿತು. ಅವಳು ಮುಗ್ಗರಿಸಿ ಒಂದು ಮೊಣಕಾಲಿನ ಮೇಲೆ ಬಿದ್ದಳು, ಬಲಗೈ ಊರಿದಳು. ಇದು ನನಗೆ ಆಮೇಲೆ ತಿಳಿದದ್ದು. ನನಗೆ ಆಗ ಕಂಡದ್ದು ಇಷ್ಟೇ: ಎದುರಿನ ಬೆನ್ನು ಇದ್ದಕ್ಕಿದ್ದಂತೆ ಕುಸಿಯಿತು, ಒಂದು ಮೊಣಕಾಲು ಮಡಚಿತು, ಬಲಗೈ ನೆಲಕ್ಕೆ ಹೋಯಿತು.

ಇದು ನಾವು ಕಲಿತದ್ದಲ್ಲ. ಆರನೆಯವಳು ಬಿದ್ದಳೇ? ಅಥವಾ ಮುಂದಿನಿಂದ ಬಂದದ್ದೇ? ಒಂದು ಎಣಿಕೆಯಷ್ಟೇ ಹೊತ್ತು ನನಗಿತ್ತು. ಅಷ್ಟರಲ್ಲಿ ನನಗೆ ಅನಿಸಿದ್ದನ್ನು ಮುಚ್ಚಿಡುವುದಿಲ್ಲ. ನಾನು ನೆಟ್ಟಗೆ ನಿಂತರೆ ಎಲ್ಲರ ಕಣ್ಣು ನನ್ನ ಮೇಲೆ ಬೀಳುತ್ತದೆ ಎಂದು ಒಂದು ಆಸೆ ಮಿಂಚಿ ಹೋಯಿತು. ಆದರೆ ಮೈಗೆ ಎರಡು ತಿಂಗಳ ಅಭ್ಯಾಸ. ಮೊಣಕಾಲು ತಾನೇ ಮಡಚಿತು. ನನ್ನ ಅಂಗೈ ಟೇಬಲ್ಲಿಗೆ ತಾಗುವಾಗ ಹಿಂದೆ ಎಂಟನೆಯವಳ ಮೊಣಕಾಲು ಢಪ್ ಎಂದದ್ದು ಕೇಳಿತು. ಆಮೇಲೆ ಒಂಬತ್ತು. ಆಮೇಲೆ ಹತ್ತು. ಆಗಲೇ ಮುಂದೆ ಗೆಳತಿ ಎದ್ದಿದ್ದಳು. ಆ ಏಳುವಿಕೆಯೂ ಬೆನ್ನಿಂದ ಬೆನ್ನಿಗೆ ಬಂದು ನನ್ನನ್ನು ಎತ್ತಿತು.

ಜನ ಎದ್ದು ನಿಂತು ಸೀಟಿ ಹೊಡೆದರು. ಯಾಕೆಂದು ನಮಗೆ ಗೊತ್ತಿರಲಿಲ್ಲ. ಅಜ್ಜ ನಡುವೆ ಎದ್ದು ಹೋಗಲಿಲ್ಲ. ಮುಗಿದ ಮೇಲೆ ಸ್ಟೇಜಿನ ಹತ್ತಿರ ಬಂದು, ಇದರಲ್ಲಿ ಮಷೀನು ಎಲ್ಲಿದೆ ಎಂಬಂತೆ ಕಂಬಳಿಯ ಹಿಂದೆ ಇಣುಕಿ ನೋಡಿದರಂತೆ.

ಹೆಡ್ ಅಕ್ಕೋರು ಓಡಿಬಂದರು. "ಏನ್ ಮಾಡ್ಸೀರಿ ಅಕ್ಕೋರ! ಆ ಕೆಳಗ ಕುಂತು ಏಳೂದು, ತೆರಿ ಬಂದಂಗ ಆತು. ಅದನ್ನ ಎಷ್ಟು ದಿನ ಕಲಿಸಿದ್ರಿ?"

ಅಕ್ಕೋರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಹೌದೆಂದು ಹೇಳಿ ಸುಮ್ಮನಿರಬಹುದಿತ್ತು. "ಕಲಿಸಿಲ್ರಿ. ಅದು ತಪ್ಪು. ನಮ್ಮ ಹುಡುಗ್ಯಾರು ತಪ್ಪನ್ನೂ ಸರಿಯಾಗಿ ಮಾಡಿದ್ರು," ಎಂದರು. ಆಮೇಲೆ ಸಾಲಿನ ಉದ್ದಕ್ಕೂ ಬಂದು ಒಬ್ಬೊಬ್ಬರ ಮೊಣಕಾಲು ನೋಡಿದರು. ನನ್ನ ಹತ್ತಿರ ಬಂದಾಗ ಕೈಯಿಂದ ನನ್ನ ಗದ್ದ ಎತ್ತಿದರು. ಅವರು ಅದಕ್ಕೆ ಮೊದಲು ನನ್ನನ್ನು ಮುಟ್ಟಿದ್ದು ಫುಟ್‌ಪಟ್ಟಿಯಿಂದ ಮಾತ್ರ.

ಮನೆಗೆ ಹೋಗುವಾಗ ಅವ್ವನನ್ನು ಕೇಳಿದೆ, "ನಾ ಹೆಂಗ ಮಾಡಿದೆ ಬೇ?"

"ನೀ ಎಲ್ಲಿದ್ದೀ ಅಂತ ಹುಡುಕಿದೆ, ಸಿಗಲೇ ಇಲ್ಲ," ಎಂದಳು ಅವ್ವ. ಸ್ವಲ್ಪ ದೂರ ನಡೆದ ಮೇಲೆ ಹೇಳಿದಳು, "ಆಮ್ಯಾಲ ಹುಡುಕೂದು ಬಿಟ್ಟೆ. ಭಾಳ ಚಂದಿತ್ತು."

ಮರುತಿಂಗಳು ಬಾಗಲಕೋಟೆಯಲ್ಲಿ ಶಾಲೆಗಳ ಸ್ಪರ್ಧೆ. ಕೆಂಪು ಬಸ್ಸಿನಲ್ಲಿ ಹುನಗುಂದ, ಕಮತಗಿ ದಾಟಿ ಹೋದೆವು. ಆ ಬೀಳುವುದನ್ನು ಇಟ್ಟುಕೊಳ್ಳಲೇಬೇಕೆಂದು ಹೆಡ್ ಅಕ್ಕೋರು ಹಟ ಹಿಡಿದಿದ್ದರು. ಅಕ್ಕೋರು ಬೇಡವೆಂದರು, ಮಾತು ನಡೆಯಲಿಲ್ಲ. ಗೆಳತಿ ಹೇಳಿಕೊಟ್ಟಂತೆ ಅಂದವಾಗಿ ಬಿದ್ದಳು, ನಾವೂ ಅಂದವಾಗಿ ಬಿದ್ದೆವು. ನೋಡುವವರ ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಮೂರನೆಯ ಬಹುಮಾನವೆಂದು ಸ್ಟೀಲಿನ ಡಬ್ಬಿಗಳು ಬಂದವು. ಬರುವಾಗ ಬಸ್ಸಿನಲ್ಲಿ ಅಕ್ಕೋರು ಬೇಸರ ಮಾಡಿಕೊಳ್ಳಲಿಲ್ಲ. ಕಮತಗಿಯಲ್ಲಿ ಎಲ್ಲರಿಗೂ ಮಿರ್ಚಿ ಭಜಿ ಕೊಡಿಸಿ, "ಬೀಳೂದನ್ನ ಕಲಿಸಾಕ ಬರೂದಿಲ್ರೇ," ಎಂದಷ್ಟೇ ಹೇಳಿದರು.

ನಾನು ಬಾಗಲಕೋಟೆಯಲ್ಲಿ ಶಿಕ್ಷಕಿಯ ತರಬೇತಿಗೆ ಸೇರುವ ಹೊತ್ತಿಗೆ ಅಕ್ಕೋರು ನಿವೃತ್ತರಾಗಿದ್ದರು. ತಾಯಿ ತೀರಿಕೊಂಡಿದ್ದರು. ಬಾದಾಮಿಯಲ್ಲಿ ತಮ್ಮನ ಮನೆಯ ಪಕ್ಕದ ಕೋಣೆಯಲ್ಲಿದ್ದರು. ಎಂಬತ್ತರ ದಶಕ ಮುಗಿಯುತ್ತಿದ್ದ ದಿನಗಳು. ಒಂದು ಸಲ ಮಹಾಕೂಟಕ್ಕೆ ಹೋದವಳು ಅವರನ್ನು ಕಾಣಲು ಹೋದೆ. ಕೋಣೆಯಲ್ಲಿ ಹೊಲಿಗೆ ಯಂತ್ರ, ಮಂಚ, ಮತ್ತು ಒಂದು ಸಣ್ಣ ಕಲರ್ ಟಿ.ವಿ.

"ಚಾ ಇಡ್ತೇನಿ ಕುಂದರು," ಎಂದು ಸ್ಟೋವಿನ ಮೇಲೆ ಹಾಲು ಇಟ್ಟರು. ಅಷ್ಟರಲ್ಲಿ ಹಾಡಿನ ಕಾರ್ಯಕ್ರಮ ಶುರುವಾಯಿತು, ಅವರು ಅಲ್ಲೇ ಮಂಚದ ಅಂಚಿನಲ್ಲಿ ಕುಳಿತುಬಿಟ್ಟರು. ಪರದೆಯಲ್ಲಿ ಹಾಡುವವನ ಇಡೀ ಚಿತ್ರ ಕಾಗದದಂತೆ ಮಡಚಿತು, ಹಕ್ಕಿಯಂತಾಗಿ ಹಾರಿತು, ಹಾರುತ್ತಿದ್ದ ಹಕ್ಕಿಯೊಳಗೆ ಅವನು ಹಾಡುತ್ತಲೇ ಇದ್ದ.

"ನೋಡು, ನೋಡು!" ಎಂದು ಅಕ್ಕೋರು ನನ್ನ ಮೊಣಕಾಲು ಹಿಡಿದುಕೊಂಡರು. "ಇದನ್ನ ಹೆಂಗ ಮಾಡ್ತಾರೋ ಇನ್ನೂ ನನಗ ತಿಳಿದಿಲ್ಲ ನೋಡವಾ. ಎಷ್ಟ ವಿಚಾರ ಮಾಡಿದರೂ ತಿಳಿವಲ್ದು." ಆ ಮಾತು ಹೇಳುವಾಗ ಅವರ ಮುಖ ಅರಳಿತ್ತು.

ಹಾಲು ಉಕ್ಕಿದ ವಾಸನೆ ಬಂತು. ಅವರಿಗೆ ಬಂದಂತೆ ಕಾಣಲಿಲ್ಲ. ನಾನೇ ಎದ್ದು, ಪರದೆಗೆ ಅಡ್ಡ ಬಾರದಂತೆ ಬಗ್ಗಿ ಹೋಗಿ, ಸ್ಟೋವ್ ಆರಿಸಿ ಬಂದು ಕುಳಿತೆ.